ಶಂಕರೆಪ್ಪನ ತೊಲ

ರಾಮದುರ್ಗದ ಬಜಾರಿನಲ್ಲಿ ಇಂಗು, ಕೇಸರಿ, ಕರ್ಪೂರ ಮಾರುತ್ತಿದ್ದ ಶಂಕರೆಪ್ಪನ ದೊಡ್ಡ ಆಸ್ತಿ ಅವನ ತೂಕ. ತಕ್ಕಡಿಗೆ ಬ್ರಿಟಿಷರ ಕಾಲದ ರಾಣಿ ಚಿತ್ರದ ಬೆಳ್ಳಿ ರೂಪಾಯಿ ಹಾಕಿದರೆ ಅದೇ ಒಂದು ತೊಲ. ಗ್ರಾಂ ಬಂದು ಎಷ್ಟೋ ವರ್ಷವಾದರೂ ಅವನು ಬಿಡಲಿಲ್ಲ, ಗಿರಾಕಿಗಳೂ ಬಿಡಗೊಡಲಿಲ್ಲ. ಕೊಳೆ ಕೂತರೆ ತೂಕ ತಪ್ಪುತ್ತದೆಂದು ದಿನಾ ಮುಂಜಾನೆ ಅದನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದ. ಶಂಕರೆಪ್ಪನ ತೊಲ ಎಂದರೆ ಆಣೆ ಇಟ್ಟ ಹಾಗೆ ಎನ್ನುತ್ತಿತ್ತು ಊರು. ಅದರ ಜಂಬವೂ ಅವನಿಗಿತ್ತು, ಸಣ್ಣದೇನಲ್ಲ.

2007ರಲ್ಲಿ ಒಂದು ದಿನ ಮೊಮ್ಮಗಳು ಶೀತಲ ಸೈಬರ್ ಕೆಫೆಯಿಂದ ಓಡಿ ಬಂದಳು. ಅಜ್ಜನ ರೂಪಾಯಿಯ ಮೇಲಿದ್ದ ಇಸವಿಯದೇ ಇನ್ನೊಂದು ರೂಪಾಯಿ ಇಂಟರ್‌ನೆಟ್ಟಿನ ಹರಾಜಿನಲ್ಲಿ ನಲವತ್ತು ಸಾವಿರಕ್ಕೆ ಹೋಗಿತ್ತು.

“ಅಜ್ಜಾ, ನಮ್ಮದನ್ನೂ ಹಾಕೂಣು.”

“ಹಾಕವಾ. ನಲವತ್ತ ವರ್ಷ ನನ್ನ ಹೆಸರ ಕಾಯ್ದೈತಿ, ಬೆಲಿ ಬರದ ಏನ ಮಾಡತೈತಿ?”

ಮೊದಲ ದಿನ ಎರಡು ಸಾವಿರದವರೆಗೆ ಏರಿತು. ಆಮೇಲೆ ಒಬ್ಬ ತೂಕ ಕೇಳಿದ. ಅಜ್ಜ ಮೊಮ್ಮಗಳು ಇಬ್ಬರೂ ಪಕ್ಕದ ಬಂಗಾರದಂಗಡಿಯ ಪತ್ತಾರನ ಎಲೆಕ್ಟ್ರಾನಿಕ್ ತಕ್ಕಡಿಗೆ ಹೋದರು.

“ಹನ್ನೊಂದೂವರಿ ಗ್ರಾಂ ಮ್ಯಾಲ ಇರಬೇಕ್ರಿ,” ಎಂದ ಪತ್ತಾರ. “ಇದು ಹನ್ನೊಂದೂ ಇಲ್ಲ. ತಿಕ್ಕಿ ತಿಕ್ಕಿ ಸವದೈತಿ.”

ತೂಕ ಬರೆದು ಹಾಕಿದ್ದೇ ತಡ, ಕೊಳ್ಳುವವರು ಒಬ್ಬೊಬ್ಬರಾಗಿ ಜಾರಿದರು. ಕೊನೆಗೆ ಉಳಿದದ್ದು ಬರೀ ಬೆಳ್ಳಿಯ ದರ, ಇನ್ನೂರು ರೂಪಾಯಿ. ಶೀತಲ ಅತ್ತಳು. ಶಂಕರೆಪ್ಪನ ಕಿವಿಗೆ ಆ ಅಂಕಿ ಬೀಳಲೇ ಇಲ್ಲ. ರೂಪಾಯಿ ಸವೆದಿದ್ದರೆ ಕೊಟ್ಟ ತೊಲವೆಲ್ಲ ಕಡಿಮೆಯೇ.

ಕಟಕೋಳದ ಕಾಡವ್ವ ನೆನಪಾದಳು. ಮಗಳ ಬಾಣಂತನಕ್ಕೆ ಇಂಗು ಒಯ್ದವಳು, ಐದು ವರ್ಷದ ಹಿಂದೆ ಅದನ್ನು ಬೇರೆ ಕಡೆ ತೂಗಿಸಿ, ಕಡಿಮೆ ಬಂತೆಂದು ತಿರುಗಿ ಬಂದಿದ್ದಳು. ತುಂಬಿದ ಸಂತೆಯಲ್ಲಿ ಅವನು ಅವಳನ್ನು ಸುಳ್ಳಿ ಎಂದು ಕೂಗಿ ಮೆಟ್ಟಿಲು ಇಳಿಸಿದ್ದ. ಆಮೇಲೆ ಬಜಾರಿನಲ್ಲಿ ಯಾರೂ ಅವಳ ಮಾತು ನಂಬಲಿಲ್ಲ. ಶಂಕರೆಪ್ಪನೇ ಅಂದ ಮೇಲೆ ಮುಗಿಯಿತಲ್ಲ!

ಮರುದಿನ ಬಸ್ಸು ಹತ್ತಿ ಕಟಕೋಳಕ್ಕೆ ಹೋದ. ಕಾಡವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಅವನು ಎಲ್ಲ ಹೇಳಿದ. ಅವಳ ಮೊರ ನಿಲ್ಲಲಿಲ್ಲ.

“ನನಗ್ಯಾಕ ಹೇಳತೀರ್ರಿ? ನನಗ ಆವತ್ತ ಗೊತ್ತಿತ್ತು. ಎಲ್ಲಿ ಬೈದಿದ್ರಿ, ಅಲ್ಲೇ ಹೇಳ್ರಿ.”

ಸಂತೆಯ ದಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಹೇಳಿದ. ರೂಪಾಯಿ ಸವೆದದ್ದು, ತೊಲ ಕಡಿಮೆ ಬಿದ್ದದ್ದು, ಕಾಡವ್ವ ಅಂದದ್ದೇ ನಿಜ ಎಂಬುದು. ದನಿ ಏರಲಿಲ್ಲ, ಇಳಿಯಲೂ ಇಲ್ಲ. ನಾಚಿಕೆಯೂ ಬರಲಿಲ್ಲ, ಒಳಗೆ ಏನೂ ಇರಲಿಲ್ಲ.

ಎದುರಿನ ಅರಿವೆ ಅಂಗಡಿಯ ನೀಲಪ್ಪ ಕೈ ಮುಗಿದ. “ಯಾರಿಗೂ ಗೊತ್ತಿಲ್ಲದ ತಪ್ಪ ತಾವಾಗೇ ಒಪ್ಪಕೊಂಡ್ರಲ್ಲರಿ ಯಜಮಾನ್ರ! ಇಂಥಾ ನೇರ ಮನಷ್ಯಾ ಇನ್ನ ಹುಟ್ಟಬೇಕು.”

ಮಂದಿ ಹೌದೌದೆಂದು ತಲೆಯಾಡಿಸಿತು.

“ಕಾಡವ್ವಗ ಗೊತ್ತಿತ್ತು,” ಎಂದ ಶಂಕರೆಪ್ಪ.

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ದಿನ ಅವನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.