ಬೆರಳಿಗಂಟುವ ಸಾರು

ಅಂಟುತ್ತಿದೆಯೋ ಇಲ್ಲವೋ? ಎಲ್ಮಾರ್ ಹೆಬ್ಬೆರಳನ್ನೂ ತೋರುಬೆರಳನ್ನೂ ಒತ್ತಿ ಹಿಡಿದು, ಮನಸ್ಸಿನಲ್ಲೇ ಹತ್ತು ಎಣಿಸಿ, ಮೆಲ್ಲಗೆ ಬಿಡಿಸಿದ. ಸೌಟಿನಿಂದ ಬಿಟ್ಟುಕೊಂಡ ಸಾರಿನ ಹನಿ ಬೆರಳ ತುದಿಯಲ್ಲಿ ಮಿನುಗುತ್ತಿತ್ತು. ಅಂಟು ಬಂದಿದ್ದರೆ ಬಿಡಿಸುವಾಗ ಚರ್ಮ ತುಸು ಎಳೆದಂತಾಗಬೇಕು. ಎಳೆದಂತಾಯಿತೇ? ಆಗಿರಬಹುದು. ಆಗದೆಯೂ ಇರಬಹುದು.

"ಅಂಟ್ತಾ?" ಒಳಕೋಣೆಯಿಂದ ಹೆಂಡತಿ ವೈಕೆ ಕೂಗಿದಳು. ಮುರಿದ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಅವಳು ಮಧ್ಯಾಹ್ನದಿಂದ ಮಲಗಿಯೇ ಇದ್ದಳು.

"ನೋಡ್ತಾ ಇದೀನಿ."

"ನೋಡೋದಲ್ಲ ಮುದುಕಪ್ಪಾ, ಮುಟ್ಟೋದು!"

ಮುಟ್ಟುವುದೇ ತೊಂದರೆಯಾಗಿತ್ತು. ಮೂವತ್ತೆಂಟು ವರ್ಷ ಕಾಡಿನಲ್ಲಿ ಮೋಟಾರ್ ಗರಗಸ ಹಿಡಿದ ಕೈ ಅದು. ಗರಗಸದ ನಡುಕ ಬೆರಳುಗಳ ನರವನ್ನು ಸ್ವಲ್ಪ ಸ್ವಲ್ಪವೇ ತಿಂದುಹಾಕಿತ್ತು. ಚಳಿಗೆ ತುದಿಗಳು ಮೇಣದ ಹಾಗೆ ಬೆಳ್ಳಗಾಗುತ್ತಿದ್ದವು. ಬಿಸಿ, ತಂಪು, ನಯ, ಒರಟು ಯಾವುದೂ ತಿಳಿಯುತ್ತಿರಲಿಲ್ಲ. ಇನ್ನು ಗರಗಸ ಮುಟ್ಟಬೇಡ ಎಂದು ವೋರು ಪಟ್ಟಣದ ಡಾಕ್ಟರು ಎರಡು ವರ್ಷದ ಹಿಂದೆಯೇ ಹೇಳಿದ್ದರು. ಮನೆಯಲ್ಲಿ ಹೇಳಿದರೆ ವೈಕೆ ಮರುದಿನವೇ ಗರಗಸವನ್ನು ಮಾರಿಬಿಡುತ್ತಾಳೆಂದು ಅವನು ಬಾಯಿ ಬಿಟ್ಟಿರಲಿಲ್ಲ. ಕಳೆದ ಮೂರು ವಾರಗಳಿಂದ ಬಾಯಿ ಬಿಡದಿರಲು ಬೇರೆಯೇ ಕಾರಣವಿತ್ತು. ಮನೆಯ ಮುಂದಿನ ಮೆಟ್ಟಿಲಿನ ಮಂಜುಗಡ್ಡೆಯ ಮೇಲೆ ಅವಳು ಜಾರಿ ಬಿದ್ದಾಗ ಪಕ್ಕದಲ್ಲಿದ್ದವನು ಅವನೇ. ಬೆರಳಿನ ವಿಷಯ ತಿಳಿದರೆ ಅವಳು ಮೆಟ್ಟಿಲಿನ ವಿಷಯವನ್ನೂ ಕೇಳದೆ ಬಿಡುವವಳಲ್ಲ.

"ಅಂಟ್ತು," ಎಂದು ಕೂಗಿ ಹೇಳಿದ.

"ಚೆನ್ನಾಗಿ?"

"ಚೆನ್ನಾಗೇ."

"ಹಾಗಾದ್ರೆ ಇಳಿಸು."

ಪಾತ್ರೆ ಬೆಳಗಿನಿಂದ ಕಟ್ಟಿಗೆ ಒಲೆಯ ಅಂಚಿನಲ್ಲಿತ್ತು. ಹಂದಿಯ ನಾಲ್ಕು ಕಾಲು, ಒಂದು ಕಿವಿ, ಮೊಣಕಾಲಿನ ಮಾಂಸ, ಸಿಪ್ಪೆ ಸಮೇತ ಒಂದು ಈರುಳ್ಳಿ, ಕ್ಯಾರೆಟ್ಟು, ಕಾಳುಮೆಣಸು. ನೊರೆ ತೆಗೆಯಬೇಕು, ಕುದಿ ಉಕ್ಕಬಾರದು. ಉಕ್ಕಿದರೆ ಸಾರು ಕದಡುತ್ತದೆ. ಅದನ್ನೆಲ್ಲ ಅವನು ತಪ್ಪಿಲ್ಲದೆ ಮಾಡಿದ್ದ. ಕ್ರಿಸ್‌ಮಸ್ ಸಂಜೆಯ ಮೇಜಿನ ಮೇಲೆ ಸ್ಯುಲ್ಟ್, ಅಂದರೆ ತಣ್ಣಗೆ ಹೆಪ್ಪುಗಟ್ಟಿಸಿದ ಮಾಂಸದ ಸಾರು, ಇಲ್ಲದಿದ್ದರೆ ಅದು ಕ್ರಿಸ್‌ಮಸ್ಸೇ ಅಲ್ಲ, ಮತ್ತು ಸ್ಯುಲ್ಟ್ ಎಂದರೆ ಮೂಳೆಯ ಅಂಟಿನಿಂದಲೇ ಹೆಪ್ಪುಗಟ್ಟಬೇಕು. ಅಂಗಡಿಯ ಪುಡಿ ಹಾಕಿ ಗಟ್ಟಿ ಮಾಡಿದವರ ಮನೆಯ ಬಗ್ಗೆ ಊರು ವರ್ಷವಿಡೀ ಮಾತಾಡುತ್ತದೆ.

ಅವನು ಮಾಂಸ ಬಿಡಿಸಿ ನಾಲ್ಕು ಬಟ್ಟಲಿಗೆ ಹಂಚಿದ. ಸಾರು ಸೋಸಿ ಮೇಲೆ ಸುರಿದು, ಬಟ್ಟಲುಗಳನ್ನು ಹೊರಗಿನ ಗಾಜಿನ ಜಗಲಿಯಲ್ಲಿಟ್ಟು, ಮಂಜುಗಡ್ಡೆಯಾಗದಿರಲೆಂದು ತನ್ನ ಹಳೆಯ ಉಣ್ಣೆ ಕೋಟು ಹೊದಿಸಿದ. ನಾಳೆಯೇ ಹಬ್ಬ, ಸಂಜೆ ಅವನ ಅಕ್ಕ ಸಾಲ್ಮೆ ಬರುತ್ತಾಳೆ.

ಬೆಳಿಗ್ಗೆ ಕೋಟು ಸರಿಸಿ ಬಟ್ಟಲನ್ನು ವಾಲಿಸಿದಾಗ ಸಾರು ಮೆಲ್ಲಗೆ ಒಂದು ಕಡೆಗೆ ಹರಿಯಿತು. ಎರಡನೆಯ ಬಟ್ಟಲೂ ಹಾಗೆಯೇ. ಕೇಕಿಗೆಂದು ತಂದ ಜೆಲಾಟಿನ್ ಪುಡಿಯ ಪೊಟ್ಟಣ ಯಾವ ಕಪಾಟಿನಲ್ಲಿದೆ ಎಂಬುದು ಅವನಿಗೆ ಆ ಕ್ಷಣ ನೆನಪಾಯಿತು. ತಿರುಗಿ ನೋಡಿದರೆ ವೈಕೆ ಬಾಗಿಲಲ್ಲಿ ನಿಂತಿದ್ದಳು, ಹೆಗಲ ಮೇಲೆ ಶಾಲು, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೋಳು.

"ಇದೇನು, ಸೂಪು ಮಾಡಿದೀಯಾ?"

ಅವನು ಬಟ್ಟಲನ್ನು ಕೆಳಗಿಟ್ಟ.

"ಅಂಟ್ತು ಅಂದ್ಯಲ್ಲ?"

"ಮುಟ್ಟಿ ನೋಡ್ಲಿಲ್ಲ. ಸಾಕಾಗಿತ್ತು. ಸುಮ್ನೆ ಅಂದೆ."

ಬೆರಳಿನ ವಿಷಯ ಹೇಳುವುದಕ್ಕಿಂತ ಸುಳ್ಳುಗಾರನೂ ಸೋಮಾರಿಯೂ ಎನ್ನಿಸಿಕೊಳ್ಳುವುದು ಅವನಿಗೆ ಹಗುರವಾಗಿ ಕಂಡಿತು. ವೈಕೆ ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ನಲವತ್ತು ವರ್ಷದಲ್ಲಿ ಅವನು ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಮೂಳೆ ಎಲ್ಲಿ? ನಾಯಿಗೆ ಹಾಕಿಬಿಟ್ಯಾ?"

"ಬಕೆಟ್‌ನಲ್ಲಿದೆ."

"ಪುಣ್ಯಾತ್ಮ. ತೊಳ್ಕೊಂಡು ಬಾ. ಮತ್ತೆ ಇಡೋಣ."

ಮಾಂಸವನ್ನು ಬೇರೆ ತೆಗೆದಿಟ್ಟು, ಸಾರನ್ನೂ ಮೂಳೆಗಳನ್ನೂ ಮತ್ತೆ ಪಾತ್ರೆಗೆ ಹಾಕಿದರು. ಈ ಸಲ ವೈಕೆ ಒಲೆಯ ಪಕ್ಕದಲ್ಲೇ ಮಣೆ ಹಾಕಿ ಕುಳಿತಳು. ಅವನು ಕಟ್ಟಿಗೆ ತುಂಬಿದ, ಅವಳು ನೊರೆ ತೋರಿಸಿದಳು, ಅವನು ತೆಗೆದ. ಕಿಟಕಿಯಾಚೆ ಹಿಮ ಬೀಳುವುದೋ ಬೇಡವೋ ಎಂಬಂತೆ ಬೀಳುತ್ತಿತ್ತು. ಎರಡು ಗಂಟೆ ಕಳೆಯುವ ಹೊತ್ತಿಗೆ ಪಾತ್ರೆಯಲ್ಲಿ ಸಾರು ಮೂರು ಬೆರಳಿನಷ್ಟು ಇಳಿದಿತ್ತು.

ವೈಕೆ ಸೌಟು ತರಿಸಿ, ಊದಿ, ತನ್ನ ಎಡಗೈಯ ಬೆರಳುಗಳಿಗೆ ಹನಿ ಬಿಟ್ಟುಕೊಂಡಳು. ಒತ್ತಿದಳು, ಬಿಡಿಸಿದಳು.

"ಈಗ ನಿನ್ನ ಕೈ ಕೊಡು."

"ನಂಗ್ಯಾಕೆ? ನೀನು ನೋಡಿದೆಯಲ್ಲ."

"ನಾಳೆ ನಾನು ಸತ್ರೆ ಸ್ಯುಲ್ಟ್ ತಿನ್ನದೆ ಇರ್ತೀಯಾ? ಕೊಡು ಅಂದ್ರೆ."

ಅವನು ಕೈ ಚಾಚಿದ. ಅವಳು ಹನಿ ಬಿಟ್ಟು, ಅವನ ಎರಡು ಬೆರಳುಗಳನ್ನೂ ತನ್ನ ಮುಷ್ಟಿಯೊಳಗೆ ಒತ್ತಿ ಹಿಡಿದಳು. ಅವಳು ಹಿಡಿದದ್ದು ಅವನ ಕಣ್ಣಿಗಷ್ಟೇ ತಿಳಿಯಿತು.

"ಮಂಜು ಇದ್ದ ಹಾಗಿದೆ ನಿನ್ನ ಕೈ."

"ಜಗಲಿಗೆ ಹೋಗಿದ್ನಲ್ಲ."

"ಹೋಗಿ ಬಂದು ಎರಡು ಗಂಟೆ ಆಯ್ತು." ಅವಳು ಬೆರಳುಗಳನ್ನು ಬಿಡಿಸಿದಳು. "ಈಗ ನೋಡು, ಚರ್ಮ ಒಂದಕ್ಕೊಂದು ಹಿಡ್ಕೊಂಡು ಆಮೇಲೆ ಬಿಡುತ್ತೆ. ಕಾಣ್ತಾ?"

ಹೆಬ್ಬೆರಳ ತುದಿ ತುಸು ಎಳೆದು, ತಡೆದು, ಆಮೇಲೆ ಬಿಟ್ಟುಕೊಂಡಿತು. ಕಣ್ಣಿಟ್ಟು ನೋಡಿದರೆ ಕಾಣುತ್ತಿತ್ತು.

"ಕಾಣ್ತು."

"ನೆನಪಿಟ್ಕೋ. ಇನ್ಮೇಲೆ ನೋಡೇ ಮಾಡು," ಎಂದಳು. ನಿನ್ನೆ ತಾನು ಕೂಗಿದ ಮಾತಿಗೆ ಇದು ವಿರುದ್ಧ ಎಂಬುದನ್ನು ಅವಳು ಹೇಳಲಿಲ್ಲ. ಅವನೂ ನೆನಪಿಸಲಿಲ್ಲ.

ಮಧ್ಯಾಹ್ನಕ್ಕೆ ಜಗಲಿ ಸೇರಿದ ಬಟ್ಟಲುಗಳು ಕತ್ತಲಾಗುವ ಹೊತ್ತಿಗೆ ಗಟ್ಟಿಯಾಗಿದ್ದವು. ಸಾಲ್ಮೆ ತಾನೇ ಅರೆದ ಸಾಸಿವೆಯ ಶೀಶೆ ಹಿಡಿದು, ಬೂಟಿನ ಹಿಮ ಕೊಡವುತ್ತಲೇ ಒಳಗೆ ಬಂದಳು. ಎಲ್ಮಾರ್ ಬಟ್ಟಲನ್ನು ತಟ್ಟೆಯ ಮೇಲೆ ಮಗುಚಿದ. ಅದು ಕಳಚಿ ನಿಂತು, ಒಮ್ಮೆ ನಡುಗಿ, ಸುಮ್ಮನಾಯಿತು. ಒಳಗೆ ಕ್ಯಾರೆಟ್ಟಿನ ಬಿಲ್ಲೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

"ಪುಡಿ ಹಾಕಿಲ್ಲ ತಾನೇ?" ಸಾಲ್ಮೆ ಮುಖ ಬಗ್ಗಿಸಿ ಮೂಸಿದಳು.

"ನಿನ್ನ ತಮ್ಮ ಮಾಡಿದ್ದು ಅಕ್ಕಾ. ಎರಡು ದಿನ ಬೇಯಿಸಿದಾನೆ," ಎಂದಳು ವೈಕೆ.

"ಇವನಾ? ನೀರು ಕಾಯಿಸಿದ್ರೂ ತಳ ಹಿಡಿಸೋನು!" ಸಾಲ್ಮೆ ಆಲೂಗಡ್ಡೆಯ ಪಕ್ಕ ಒಂದು ತುಂಡು ಹಾಕಿಕೊಂಡು, ವಿನೆಗರ್ ಚಿಮುಕಿಸಿ ತಿಂದಳು. ಇನ್ನೊಂದು ತುಂಡು ಹಾಕಿಕೊಂಡಳು. ಅವಳಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿರಲಿಲ್ಲ.

ಆಮೇಲೆ ವೈಕೆಯ ತೋಳಿನ ಕಡೆ ತಿರುಗಿದಳು. "ಅಲ್ಲ ಕಣೋ, ನೀನು ಪಕ್ಕದಲ್ಲೇ ಇದ್ಯಂತೆ? ಇಷ್ಟು ದಪ್ಪ ಕೈ ಇಟ್ಕೊಂಡು ಹೆಂಡ್ತೀನ ಹಿಡ್ಕೊಳ್ಳೋಕೆ ಆಗ್ಲಿಲ್ವಾ?"

ಎಲ್ಮಾರ್ ಚಾಕುವನ್ನು ಕೆಳಗಿಟ್ಟ.

"ಹಿಡಿದ," ಎಂದಳು ವೈಕೆ. "ನನ್ನ ಉಣ್ಣೆ ಗವಸು ಸಡಿಲ ಇತ್ತು, ಕಳಚ್ಕೊಂಡ್ತು. ನಾನು ಕೆಳಗೆ, ಗವಸು ಇವನ ಕೈಲಿ."

"ಸದ್ಯ, ಗವಸಾದ್ರೂ ಉಳಿಸ್ದ!" ಸಾಲ್ಮೆ ಗಹಗಹಿಸಿ ನಕ್ಕಳು. ವೈಕೆಯೂ ನಕ್ಕಳು. ನಗುತ್ತಲೇ ಎಡಗೈಯಿಂದ ತಟ್ಟೆಯನ್ನು ಗಂಡನ ಕಡೆ ತಳ್ಳಿದಳು. "ತಿನ್ನೋ. ನಿಂದೇ ಅಡುಗೆ."

ಎಲ್ಮಾರ್ ತಿಂದ. ಉಪ್ಪು ಸರಿಯಾಗಿತ್ತು.

ಆ ದಿನ ಮೆಟ್ಟಿಲ ಮೇಲೆ, ತನ್ನ ಮುಷ್ಟಿಯೊಳಗೆ ಇರುವುದು ಹೆಂಡತಿಯ ಕೈಯೋ ಬರೀ ಉಣ್ಣೆಯೋ ಎಂಬುದು ಅವನ ಬೆರಳುಗಳಿಗೆ ತಿಳಿದಿರಲಿಲ್ಲ. ಅದನ್ನು ಅವನು ವೈಕೆಗೆ ಎಂದೂ ಹೇಳಲಿಲ್ಲ.