ತಟ್ಟಿ ಆರಿಸಿದ ಮರ

"ಈಗ ಕೇಣಿ," ಎಂದು ಜಿತೇಂದ್ರ ಶೆಟ್ಟರು ಕಣ್ಣು ಮುಚ್ಚಿದರು.

ಉಮಾನಾಥ ಕಣ್ಣು ಮುಚ್ಚಲಿಲ್ಲ. ಕೇಳುವುದಕ್ಕಿಂತ ನೋಡುವುದೇ ಅವನಿಗೆ ಹೆಚ್ಚು ಮಜವಾಗಿತ್ತು. ತ್ರಾಸಿಯ ಕಡಲಿಗೆ ಮುಖ ಮಾಡಿದ ಆ ಕೋಣೆಯಲ್ಲಿ ಆಳೆತ್ತರದ ಎರಡು ಸ್ಪೀಕರುಗಳು. ಅವುಗಳಿಗೆ ಹೋಗುವ ಹೆಬ್ಬೆರಳು ದಪ್ಪದ ವಯರು ನೆಲ ಮುಟ್ಟದ ಹಾಗೆ ಮರದ ತುಂಡುಗಳ ಮೇಲೆ ಮಲಗಿತ್ತು. ಹನ್ನೆರಡು ತುಂಡು, ಒಂದೊಂದೂ ಪುಟ್ಟ ಸೇತುವೆಯ ಹಾಗೆ ಬಾಗಿದ್ದು, ಮೇಲ್ಗಡೆ ಮಾತ್ರ ಪಾಲಿಶ್ ಹೊಡೆಸಿಕೊಂಡದ್ದು. ವಯರು ನೆಲಕ್ಕೆ ತಾಗಿದರೆ ನೆಲದ ನಡುಕ ಅದಕ್ಕೆ ಹತ್ತಿ ಹಾಡು ಕೆಡುತ್ತದಂತೆ. ಅದೇ ಹಳೇ ಮದ್ದಳೆಯ ಮರದ ಮೇಲಿಟ್ಟರೆ ಹಾಡಿಗೆ ಜೀವ ಬರುತ್ತದಂತೆ. ಹೀಗೆಂದು ಶೆಟ್ಟರಿಗೆ ನಂಬಿಸಿ ಆ ತುಂಡುಗಳನ್ನು ಮಾರಿದವನು ಉಮಾನಾಥನ ತಂಗಿಯ ಗಂಡ ಅಜಿತ್. ಅವನು ಬಾಗಿಲ ಪಕ್ಕ ಕೈಕಟ್ಟಿ ನಿಂತು, ದೇವರ ಕೋಣೆಯಲ್ಲಿ ನಿಂತವರ ಹಾಗೆ ಮುಖ ಮಾಡಿಕೊಂಡಿದ್ದ.

ಹಳೆಯ ಯಕ್ಷಗಾನದ ಆಟವೊಂದರ ರೆಕಾರ್ಡಿಂಗು. ಭಾಗವತರ ಪದ ಮುಗಿದು ಮದ್ದಳೆ ಎದ್ದಿತು. ಶೆಟ್ಟರ ತಲೆ ತೂಗಿತು. ಮುಂಬಯಿಯ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಊರಿಗೆ ಬಂದ ಮೇಲೆ ಈ ಕೋಣೆಯೇ ಅವರ ಸಂಸಾರ. ಆ ಮಾತನ್ನು ಅವರ ಹೆಂಡತಿ ಸ್ನೇಹಲತಾ ನೆಂಟರೆದುರೇ ಹೇಳುತ್ತಿದ್ದಳು.

"ಹ್ಯಾಂಗಿತ್ತ್?" ಶೆಟ್ಟರು ಕಣ್ಣು ತೆರೆದು ಕೇಳಿದರು.

"ಪದ ಲಾಯ್ಕಿತ್ತ್. ಮರಕ್ಕೂ ಅದ್ಕೂ ಎಂತ ಸಂಬಂಧ ಶೆಟ್ರೆ?" ಎಂದ ಉಮಾನಾಥ.

ಅವನು ಬಂದದ್ದೇ ಜಗಳಕ್ಕೆ. ಗುಲ್ವಾಡಿಯಲ್ಲಿ ಮೂವತ್ತು ವರ್ಷದಿಂದ ಮದ್ದಳೆ ಮಾಡುವವನು ಅವನು. ಆ ತುಂಡುಗಳ ಪೆಟ್ಟಿಗೆಯ ಮೇಲೆ ಅಜಿತ್ 'ಗುಲ್ವಾಡಿ ಉಮಾನಾಥರು ತಟ್ಟಿ ಆರಿಸಿದ ಮರ' ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿದ್ದ. ಅದನ್ನು ನೋಡಿದಂದಿನಿಂದ ಉಮಾನಾಥನಿಗೆ ಮೈಯೆಲ್ಲ ಉರಿ. ತಟ್ಟಿದ್ದು ನಿಜ. ಆದರೆ ತಟ್ಟಿ ಆರಿಸಿದ್ದಲ್ಲ, ತಟ್ಟಿ ಎಸೆದದ್ದು.

ಹೋದ ಮಳೆಗಾಲದಲ್ಲಿ ಬ್ರಹ್ಮಾವರದ ಕಡೆ ನಿಂತುಹೋದ ಮೇಳವೊಂದರ ಅಟ್ಟದಿಂದ ಅವನು ಹದಿನೈದು ಕಳಸಿಗೆ ತಂದಿದ್ದ. ಚರ್ಮ ಬಿಚ್ಚಿದ ಮದ್ದಳೆಯ ಮರದ ಗೂಡಿಗೆ ಕಳಸಿಗೆ ಅನ್ನುತ್ತಾರೆ. ತಂದದ್ದು ವ್ಯಾಪಾರಕ್ಕಲ್ಲ. ಅವನ ಅಪ್ಪಯ್ಯ ಬಾರಿಸುತ್ತಿದ್ದ ಮದ್ದಳೆ, ಅಪ್ಪಯ್ಯ ತೀರಿಕೊಂಡಾಗ ಮೇಳದ ಪೆಟ್ಟಿಗೆಯಲ್ಲೇ ಉಳಿದು, ಮೇಳ ಕೈಯಿಂದ ಕೈಗೆ ಹೋಗಿ, ಎಲ್ಲೋ ಕಳೆದುಹೋಗಿತ್ತು. ಆಮೇಲೆ ಉಮಾನಾಥ ಯಾವ ಮೇಳ ಬಣ್ಣ ಹಚ್ಚುವ ಚೌಕಿಗೆ ಹೋದರೂ ಅಲ್ಲಿರುವ ಮದ್ದಳೆಗಳನ್ನೆಲ್ಲ ತಟ್ಟಿ ನೋಡದೆ ಬಂದವನಲ್ಲ. "ಒಂದ್ ಪೆಟ್ಟ್ ಸಾಕ್, ಅಪ್ಪಯ್ಯನ ಮದ್ಲೆ ಹೌದಾ ಅಲ್ದಾ ಹೇಳ್ತೆ" ಎಂಬ ಅವನ ಮಾತು ಎಲ್ಲ ಮೇಳದವರಿಗೂ ಬಾಯಿಪಾಠ. ಅವನ ಕಿವಿಯೆಂದರೆ ಅವರಿಗೂ ಅಷ್ಟೇ ನಂಬಿಕೆ.

ಹದಿನೈದನ್ನೂ ಸಾಲಾಗಿಟ್ಟು ಗೆಣ್ಣಿನಿಂದ ತಟ್ಟಿದ್ದ. ಹೆಂಡತಿ ಜಲಜ ಅಂದೇ ಹೇಳಿದ್ದಳು: "ಒಳ್ಗ್ ಒಂದ್ಸಲ ಕೈ ಹಾಕಿ ಕಾಣಿ. ಗೆರಟೆ ತುಂಡ್ ಇರತ್ ಅಂದಿದ್ರಿ ಅಲ್ದಾ?" ಅಪ್ಪಯ್ಯನ ಕಳಸಿಗೆಯ ಒಳಗೆ ಮರದ ಗಂಟು ಬಿದ್ದುಹೋಗಿ ತೂತಾಗಿತ್ತು. ಅದಕ್ಕೆ ತೆಂಗಿನಕಾಯಿಯ ಚಿಪ್ಪನ್ನು, ಆ ಗೆರಟೆಯನ್ನು, ರೂಪಾಯಿಯಗಲಕ್ಕೆ ಕೊರೆದು ಕೂರಿಸಿದವನು ಹತ್ತು ವರ್ಷದ ಉಮಾನಾಥನೇ. ಆದರೂ ಹೆಂಡತಿಯ ಮಾತಿಗೆ ನಕ್ಕುಬಿಟ್ಟಿದ್ದ. "ಕೈ ಹಾಕಿ ಕಾಂಬುದ್ ಕೆಮಿ ಇಲ್ದಿದ್ದರ್ ಕೆಲ್ಸ," ಎಂದು ತನ್ನ ಕಿವಿ ಮುಟ್ಟಿ ತೋರಿಸಿದ್ದ. ಆರನ್ನು ಇಟ್ಟುಕೊಂಡ. ಒಂಬತ್ತು ಸತ್ತ ಮರವೆಂದು ಅಂಗಳಕ್ಕೆ ಉರುಳಿಸಿದ. ಅವನ್ನು ಅಜಿತ್ ಗೂಡ್ಸ್ ರಿಕ್ಷಾದಲ್ಲಿ ಹೇರಿಕೊಂಡು ಹೋಗಿ ಈ ತುಂಡುಗಳನ್ನು ಕೊಯ್ಸಿದ್ದ.

"ವ್ಯತ್ಯಾಸ ಕೇಂತಿಲ್ಯಾ ನಿಮ್ಗ್?" ಶೆಟ್ಟರ ಹುಬ್ಬು ಗಂಟಾಯಿತು. "ಮದ್ಲೆ ಮಾಡುವರ್ ನೀವ್! ತುಂಡ್ ತೆಗ್ದ್ರೆ ಏಕ್ದಮ್ ಸತ್ತ್ ಹೋತ್ ಮಾರಾಯ್ರೆ."

"ಹಾಂಗಾರೆ ಒಂದ್ ಕೆಲ್ಸ ಮಾಡುವ. ನೀವ್ ಗ್ವಾಡಿ ಬದಿಗ್ ತಿರ್ಗಿ ಕೂಕಣಿ. ನಾನ್ ಒಂದ್ಸಲ ಇಡ್ತೆ, ಒಂದ್ಸಲ ತೆಗಿತೆ. ಯಾವ್ದ್ ಯಾವ್ದ್ ಅಂದ್ ನೀವ್ ಹೇಳಿ."

"ಭಾವ, ಅದೆಲ್ಲ ಎಂತಕ್ಕೆ..." ಎಂದ ಅಜಿತ್.

"ಮಾಡ್ಲಿ, ಮಾಡ್ಲಿ," ಎಂದು ಶೆಟ್ಟರು ಕುರ್ಚಿ ತಿರುಗಿಸಿಕೊಂಡರು. ಕಾಫಿ ತಂದ ಸ್ನೇಹಲತಾ ತಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು.

ಉಮಾನಾಥ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ವಯರನ್ನು ಸರಬರ ಎಳೆದಾಡಿ ಸದ್ದು ಮಾಡಿದ. ತುಂಡು ಮಾತ್ರ ಒಂದನ್ನೂ ಅಲುಗಿಸಲಿಲ್ಲ. ಅಜಿತ್ ಮತ್ತೆ ಹಾಡು ಹಾಕಿದ.

"ತೆಗ್ದದ್ದ್!" ಎಂದರು ಶೆಟ್ಟರು ಗೋಡೆಗೆ. "ಮದ್ಲೆಗ್ ಜೀವವೇ ಇಲ್ಲೆ."

ಸ್ನೇಹಲತಾ ತುಟಿ ಕಚ್ಚಿಕೊಂಡಳು. ಎರಡನೇ ಸಲ ಉಮಾನಾಥ ಹನ್ನೆರಡನ್ನೂ ಎತ್ತಿ ಮಡಿಲಿಗೆ ಹಾಕಿಕೊಂಡು ವಯರನ್ನು ನೆಲಕ್ಕೆ ಬಿಟ್ಟ.

"ಹಾಂ! ಬಂತ್ ಕಾಣಿ, ಬಂತ್! ಇದ್ ಮದ್ಲೆ ಅಂದ್ರೆ!"

ಸ್ನೇಹಲತಾಗೆ ತಡೆಯಲಾಗಲಿಲ್ಲ. ತಟ್ಟೆಯ ಲೋಟಗಳು ಗಲಗಲ ಅನ್ನುವ ಹಾಗೆ ನಕ್ಕಳು. ಶೆಟ್ಟರು ತಿರುಗಿ ನೋಡಿದರು. ನೆಲಕ್ಕೆ ಬಿದ್ದ ವಯರು, ಉಮಾನಾಥನ ಮಡಿಲಲ್ಲಿ ಹನ್ನೆರಡು ತುಂಡು, ನಗುವ ಹೆಂಡತಿ. ಅವರ ಮುಖ ಕಪ್ಪಿಟ್ಟಿತು.

ಉಮಾನಾಥ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗೆದ್ದವನ ಬಾಯಿ ನಿಲ್ಲಬೇಕಲ್ಲ. "ಬಚ್ಚಲ್ ಒಲಿಗ್ ಹಾಕು ಕಟ್ಟಿಗಿ ಶೆಟ್ರೆ ಇದ್! ಸತ್ತ ಮರ ಅಂದೇಳಿ ನಾನೇ ಹೊತ್ತಾಕಿದ್ದ್. ನಿಮ್ ಕೆಮಿಗೆ ಹೂ ಇಟ್ಟಿದ್ದ ಇಂವ. ಪೆಟ್ಟಿಗಿ ಮೇಲಿಂದ ನನ್ನ ಹೆಸ್ರ್ ಇವತ್ತೇ ತೆಗಿಕ್!" ಎಂದು ಒಂದು ತುಂಡನ್ನು ಎತ್ತಿ ಅಜಿತನ ಮುಖದೆದುರು ಆಡಿಸಿದ.

ಹಾಗೆ ಆಡಿಸುವಾಗಲೇ ಅವನ ಹೆಬ್ಬೆರಳು ತುಂಡಿನ ಅಡಿಯಲ್ಲಿ ನುಣ್ಣಗಿನದೇನನ್ನೋ ಮುಟ್ಟಿತು. ಉಳಿಯ ಒರಟು ಗೆರೆಗಳ ನಡುವೆ ಗುಂಡಗೆ, ತಣ್ಣಗೆ. ಮಗುಚಿ ನೋಡಿದ. ಹಳದಿ ಹಲಸಿನ ಮರದಲ್ಲಿ ರೂಪಾಯಿಯಗಲದ ಕಪ್ಪು ಗೆರಟೆ. ಒಂದು ಅಂಚು ಸ್ವಲ್ಪ ಸೊಟ್ಟ. ಅಂದು ಕೈ ತಪ್ಪಿ ಸೊಟ್ಟವಾದದ್ದು. "ಇರ್ಲಿ ಬಿಡ್ ಮಗಾ, ಒಳ್ಗಿಂದ್ ಯಾರಿಗ್ ಕಾಣತ್" ಎಂದಿದ್ದರು ಅಪ್ಪಯ್ಯ.

ಅವನ ಕೈ ಇಳಿಯಿತು. "ಈ ಹನ್ನೆರಡೂ ಒಂದೇ ಕಳಸಿಗಿದಾ?" ಎಂದು ಕೇಳಿದ.

"ಹೌದ್ ಭಾವ. ಒಂದ್ ಸೆಟ್ಟಿಗ್ ಒಂದ್ ಕಳಸಿಗಿ. ಎಂತ ಆಯ್ತ್?"

"ಶೆಟ್ರೆ, ಇದ್ ನಂಗ್ ಬೇಕ್."

"ಎಂತಕ್ಕೆ? ಬಚ್ಚಲ್ ಒಲಿಗಾ?"

"ಇದ್ ಅಪ್ಪಯ್ಯನ್ ಮದ್ಲೆ."

ಅಜಿತ್ ಬೆಚ್ಚಿಬಿದ್ದ. ಆಮೇಲೆ ತನ್ನ ತಲೆಗೆ ಬರಬಾರದೆಂದು ಆತುರಾತುರವಾಗಿ ಹೇಳಿದ: "ನಂಗೆಂತ ಗೊತ್ತ್? ನೀವೇ ತಟ್ಟಿ, ಸತ್ತದ್ದ್ ಅಂದೇಳಿ ಅಂಗಳಕ್ ಉರುಳ್ಸಿದ್ದ್ ಅಲ್ದಾ ಭಾವ?"

ಹೌದು. ಮಳೆಯ ತೇವ ಕುಡಿದ ಮರ ಡಬ್ಬೆಂದಿತ್ತು. ಅವನ ಕಿವಿ ಅಷ್ಟೇ ಕೇಳಿತ್ತು. ಶೆಟ್ಟರು ಈಗ ನಿಧಾನವಾಗಿ ಕುರ್ಚಿಗೆ ಒರಗಿದರು.

"ಹ್ವಾಯ್ ಉಮಾನಾಥರೇ. ಅಪ್ಪಯ್ಯನ್ ಮದ್ಲೆ ಗುರ್ತ್ ಸಿಕ್ಕದ ಕೆಮಿ ತಕಂಡ್ ನನ್ನ ಪರೀಕ್ಷೆ ಮಾಡುಕ್ ಬಂದ್ರ್ಯಾ?"

ಉಮಾನಾಥ ಹೆಬ್ಬೆರಳಿನಿಂದ ಆ ಗೆರಟೆಯನ್ನು ಮತ್ತೆ ಸವರಿದ.

"ಕೊಡ್ತೆ. ಆದ್ರೆ ಒಂದ್ ಮಾತ್ ಹೇಳಿ. ಈ ಮರದೊಳ್ಗ್ ಈಗ್ಲೂ ಜೀವ ಇತ್ತ್, ಇದ್ರಿಂದ ಸ್ವರ ಬದ್ಲ್ ಆತ್ತ್ ಅಂದೇಳಿ. ಇವಳ್ ಎದ್ರಿಗೇ ಹೇಳ್ಕ್."

"ಬಿಡಿ ಮಾರಾಯ್ರೆ, ಕೊಟ್ಟ್ ಕಳ್ಸಿ," ಎಂದಳು ಸ್ನೇಹಲತಾ.

"ನೀನ್ ನೆಗಾಡಿದ್ದ್ ಸಾಕ್."

ಗೋಡೆಯಾಚೆ ಕಡಲು ಮೊರೆಯುತ್ತಿತ್ತು. ಉಮಾನಾಥ ಮಡಿಲಲ್ಲಿದ್ದ ತುಂಡುಗಳನ್ನು ನೋಡಿದ. ಅಂಟು ಹಾಕಿದರೂ ಇನ್ನು ಕೂಡುವುದಿಲ್ಲ. ಗರಗಸ ತಿಂದದ್ದು ವಾಪಸು ಬರುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಕೋಣೆಯಲ್ಲಿರಲಿಲ್ಲ. ಆದರೂ ಬೇಕು.

"ಇತ್ತ್," ಎಂದ.

"ಎಂತ ಇತ್ತ್?"

"ಜೀವ ಇತ್ತ್ ಶೆಟ್ರೆ. ಸ್ವರ ಬದ್ಲ್ ಆತ್ತ್."

ಶೆಟ್ಟರು ಹೆಂಡತಿಯ ಕಡೆ ನೋಡಿದರು. ಮತ್ತೆ ಇವನ ಕಡೆ ತಿರುಗಿ, ಲೆಕ್ಕ ತೀರಿದವರ ಹಾಗೆ ಮೆಲ್ಲಗೆ ಹೇಳಿದರು: "ಹಾಂಗಾರೆ ಕೊಡುದ್ ಹ್ಯಾಂಗ್ ಮಾರಾಯ್ರೆ? ಜೀವ ಇದ್ದದ್ದನ್ನ ಯಾರಾರೂ ಕೊಡ್ತ್ರಾ? ಇದ್ದಲ್ಲೇ ಇಡಿ."

ಉಮಾನಾಥನಿಗೆ ಅವರ ಕತ್ತು ಹಿಸುಕಬೇಕು ಅನ್ನಿಸಿತು. ಹಿಸುಕಲಿಲ್ಲ. ಅಜಿತ್ ಸಹಾಯಕ್ಕೆ ಬಗ್ಗಿದಾಗ "ಮುಟ್ಟಬೇಡ" ಎಂದ. ತಾನೇ ಮೊಣಕಾಲೂರಿ ವಯರನ್ನು ಎತ್ತಿ ಒಂದೊಂದೇ ತುಂಡನ್ನು ಅಡಿಗಿಟ್ಟ. ಗೆರಟೆಯದನ್ನು ಕೊನೆಗಿಟ್ಟ. ಬಾಗಿಲು ದಾಟುವಾಗ ಒಳಗೆ ಮತ್ತೆ ಮದ್ದಳೆ ಎದ್ದಿತು.

ಮನೆ ಮುಟ್ಟುವಾಗ ಜಲಜ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು. "ಪೆಟ್ಟಿಗಿ ಮೇಲಿನ ಹೆಸ್ರ್ ತೆಗ್ಸಿದ್ರ್ಯಾ?" ಎಂದು ಕೇಳಿದಳು. ಅವನು ನೇರ ಕೆಲಸದ ಕೊಟ್ಟಿಗೆಗೆ ಹೋದ. ತಾನು ಆರಿಸಿಟ್ಟ ಆರು ಕಳಸಿಗೆಗಳು ಗೋಡೆಗೊರಗಿ ಸಾಲಾಗಿ ನಿಂತಿದ್ದವು.

ಮೊದಲನೆಯದನ್ನು ಎತ್ತಿಕೊಂಡು, ಅಭ್ಯಾಸದಂತೆ ಬೆರಳು ಮಡಚಿ ತಟ್ಟಲು ಕೈಯೆತ್ತಿದ. ಹಾಗೇ ನಿಂತ. ಆಮೇಲೆ ಬೆರಳು ಬಿಡಿಸಿ, ಮೊಣಕೈವರೆಗೂ ಕೈಯನ್ನು ಅದರೊಳಗೆ ಹಾಕಿ, ಮೆಲ್ಲಗೆ ಸವರತೊಡಗಿದ.