ಕೋಟಿನ ಬಾಗಿಲು

ಪರದೇಶ ನೋಡಲು ಹೊರಟಾಗಲೇ ಹೆಂಡತಿ ದರ್ಜಿಗೆ ತಾಕೀತು ಮಾಡಿದ್ದಳು: “ಅಂಗಡೀನ ಊರಲ್ಲೇ ಬಿಟ್ಟು ಬನ್ನಿ.” ಅವನು ಕೇಳಬೇಕಲ್ಲ! ಅರಮನೆ ತೋರಿಸಿದರೆ ಕಾವಲುಗಾರನ ಕಾಲರ್ ನೋಡಿದ, ಸೇತುವೆ ತೋರಿಸಿದರೆ ಮುಂದೆ ಹೋಗುವವರ ಬೆನ್ನಿನ ಹೊಲಿಗೆ ನೋಡಿದ. ಮೂರು ದಿನ ಅವಳು ಹಲ್ಲು ಕಚ್ಚಿಕೊಂಡು ಸಹಿಸಿದಳು.

ನಾಲ್ಕನೇ ದಿನ ಮ್ಯೂಸಿಯಮ್ಮಿನಲ್ಲಿ ಅವಳಿಗೆ ಅವಸರವಾಯಿತು. ಶೌಚಾಲಯಕ್ಕೆ ಎರಡು ಬಾಗಿಲು. ಎರಡರ ಮೇಲೂ ಅಕ್ಷರವಿಲ್ಲ, ಬರೀ ಒಂದೊಂದು ಕೋಟಿನ ಚಿತ್ರ. ಅದಕ್ಕೆ ತಲೆಯೂ ಇಲ್ಲ, ಕಾಲೂ ಇಲ್ಲ. ನಾಲ್ಕೈದು ಪ್ರವಾಸಿಗರು ಆಗಲೇ ಕಣ್ಣು ಕಣ್ಣು ಬಿಡುತ್ತ ನಿಂತಿದ್ದರು.

“ಎರಡಕ್ಷರ ಬರೆಯೋಕೆ ಇವರಿಗೇನು ಧಾಡಿ ಬಂದಿತ್ತು?” ಎಂದು ಅವಳು ಸಿಡುಕಿದಳು.

ದರ್ಜಿ ಕನ್ನಡಕ ಏರಿಸಿದ. “ಕಂಬದ ಪಕ್ಕದ ಬಾಗಿಲಿಗೆ ಹೋಗು. ಗುಂಡಿ ಹಾಕಿದಾಗ ಗಂಡಸರ ಕೋಟಲ್ಲಿ ಎಡಮಗ್ಗುಲು ಮೇಲೆ ಬರುತ್ತೆ, ಹೆಂಗಸರದ್ರಲ್ಲಿ ಬಲಮಗ್ಗುಲು. ಅಷ್ಟೂ ಕಾಣಲ್ವಾ?”

ಅವಳು ಒಂದೇ ಉಸಿರಿಗೆ ಓಡಿದಳು.

ಅವನೂ ಇನ್ನೊಂದು ಬಾಗಿಲಿಗೆ ಹೋಗಿ ಹೊರಬಂದು ನೋಡುತ್ತಾನೆ, ಹೆಂಡತಿ ನಟ್ಟನಡುವೆ ನಿಂತಿದ್ದಾಳೆ. ತಾನು ತೊಟ್ಟಿದ್ದ, ಅವನೇ ಹೊಲಿದುಕೊಟ್ಟ ಕೋಟಿನ ಬಲಮಗ್ಗುಲ ಅಂಚು ಎತ್ತಿ ತೋರಿಸುತ್ತ, ತನ್ನ ಭಾಷೆಯಲ್ಲೇ ಗದರುತ್ತ, ಆ ಪ್ರವಾಸಿ ಹೆಂಗಸರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸುತ್ತಿದ್ದಾಳೆ.

“ಏನೇ ಇದು?”

“ನೀವು ಹೊತ್ಕೊಂಡು ಬಂದ ಅಂಗಡಿ ಬಾಗಿಲು ತೆಗೆದಿದ್ದೀನಿ. ಬನ್ನಿ, ಗಂಡಸರನ್ನ ನೀವು ನೋಡ್ಕೊಳ್ಳಿ.”